ನಿಂತುಹೋದ ಎದೆಹಾಲನ್ನು ಮತ್ತೆ ಬರಿಸಿಕೊಳ್ಳುವುದು ಹೇಗೆ?

ರಾಯಚೂರು ಜಿಲ್ಲೆಯ ನಮ್ಮ ಕಡೆ ಬಾಣಂತಿಯ ಎದೆಯಲ್ಲಿ ಹಾಲು ಕಡಿಮೆಯಾದರೆ ‘ಹಾಲು ಬತ್ತಿತು’ ಎನ್ನುತ್ತಾರೆ. ಕೆರೆ ಬತ್ತಿತು, ಬಾವಿ ಬತ್ತಿತು ಎನ್ನುವ ಬಾಯಲ್ಲೇ ಈ ಮಾತೂ ಬರುವುದರಿಂದ, ಬತ್ತಿದ್ದು ಇನ್ನು ತುಂಬುವುದಿಲ್ಲ ಎಂಬ ನಂಬಿಕೆಯೂ ಅದರ ಜೊತೆಗೇ ಬಂದುಬಿಡುತ್ತದೆ. ಆದರೆ ಎದೆ ಕೆರೆಯಲ್ಲ. ಅದು ಹಾಲನ್ನು ಕೂಡಿಟ್ಟುಕೊಳ್ಳುವ ಜಾಗಕ್ಕಿಂತ ಹೆಚ್ಚಾಗಿ ಹಾಲನ್ನು ತಯಾರಿಸುವ ಜಾಗ. ಕೇಳುವ ಬಾಯಿ ಇದ್ದಷ್ಟು ಕಾಲ ತಯಾರಿಸುತ್ತದೆ, ಕೇಳುವುದು ನಿಂತರೆ ಸುಮ್ಮನಾಗುತ್ತದೆ, ಮತ್ತೆ ಕೇಳತೊಡಗಿದರೆ ಬಹುಪಾಲು ತಾಯಂದಿರಲ್ಲಿ ಮತ್ತೆ ಶುರುಮಾಡುತ್ತದೆ.

ಇದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ಹೆರಿಗೆಯಾದ ಆರನೆಯ ವಾರದಲ್ಲಿ ನನ್ನ ತಂಗಿಗೆ ಡೆಂಗಿ ಜ್ವರ ಬಂದು, 11 ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಕೂಸು ಊರಿನಲ್ಲಿ ನಮ್ಮ ಅವ್ವನ ಹತ್ತಿರ ಬಾಟಲಿಯಲ್ಲಿ ಡಬ್ಬಿ ಹಾಲು ಕುಡಿಯುತ್ತಿತ್ತು. ಆ ದಿನಗಳಲ್ಲಿ ಹಾಲನ್ನು ಕೈಯಿಂದ ಹಿಂಡಿ ತೆಗೆಯುತ್ತಿರಬೇಕು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಮನೆಗೆ ಮರಳುವ ಹೊತ್ತಿಗೆ ಎದೆ ಮೆತ್ತಗಾಗಿತ್ತು. ಕೂಸು ಎರಡು ಸಲ ಬಾಯಿ ಹಚ್ಚಿ, ಮುಖ ತಿರುಗಿಸಿ ಅತ್ತಿತು. ‘ಇನ್ನು ಡಬ್ಬಿ ಹಾಲೇ ಗತಿ’ ಎಂದು ಮನೆಯವರೆಲ್ಲ ನಿರ್ಧರಿಸಿದ ಮೇಲೆ, ಆರೋಗ್ಯ ಉಪಕೇಂದ್ರದ ಸಿಸ್ಟರ್ ಬಂದು ಹಾಗೇನಿಲ್ಲ ಎಂದು ಹೇಳಿಕೊಟ್ಟ ಕ್ರಮವನ್ನೇ, ಆಮೇಲೆ ನಾನು ಓದಿ ಕೇಳಿ ತಿಳಿದುಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಹಾಲು ಯಾಕೆ ನಿಲ್ಲುತ್ತದೆ, ಹೇಗೆ ಬರುತ್ತದೆ

ಮಗು ಚೀಪಿದಾಗ ಮೊಲೆತೊಟ್ಟಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗಿ ಹಾಲು ತಯಾರಾಗುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ತಯಾರಾದ ಹಾಲನ್ನು ತೊಟ್ಟಿನವರೆಗೆ ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚಿರುತ್ತದೆ, ಆದ್ದರಿಂದ ‘ರಾತ್ರಿ ಬಾಟಲಿ ಕೊಟ್ಟು ಮಲಗಿಸಿಬಿಡೋಣ, ಬಾಣಂತಿಗೆ ನಿದ್ದೆಯಾದರೂ ಆಗಲಿ’ ಎನ್ನುವ ಒಳ್ಳೆಯ ಮನಸ್ಸಿನ ಮಾತು ಹಾಲನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಆಕ್ಸಿಟೋಸಿನ್ ತಾಯಿಯ ಮನಸ್ಸಿನ ಜೊತೆ ನಡೆಯುವಂಥದ್ದು. ನೋವು, ಹೆದರಿಕೆ, ಮೂದಲಿಕೆ ಇದ್ದಲ್ಲಿ ಹಾಲು ಇದ್ದರೂ ಇಳಿಯಲು ತಡಮಾಡುತ್ತದೆ. ಇನ್ನು, ಎದೆಯಲ್ಲಿ ಹಾಲು ತೆಗೆಯದೆ ಉಳಿದರೆ, ‘ಸಾಕು’ ಎಂಬ ಸೂಚನೆಯನ್ನು ಆ ಹಾಲೇ ಕೊಟ್ಟು ತಯಾರಿಯನ್ನು ನಿಧಾನಗೊಳಿಸುತ್ತದೆ. ಕಾಯಿಲೆ, ಮಗುವನ್ನು ನವಜಾತ ಶಿಶು ಘಟಕದಲ್ಲಿ ಇಟ್ಟಿದ್ದು, ಹತ್ತಿ ಬಿಡಿಸುವ ಕೂಲಿಗೆ ಹೋಗಿದ್ದು, ಗುಳೆ ಹೋಗಿದ್ದು, ಹೀಗೆ ಕಾರಣ ಯಾವುದಾದರೂ ಆಗಿರಲಿ, ಒಳಗೆ ನಡೆಯುವುದು ಇದೇ.

ಶುರುಮಾಡುವ ಮುನ್ನ

ಮೊದಲು ತಾಯಿ ಮತ್ತು ಮಗು ಇಬ್ಬರನ್ನೂ ವೈದ್ಯರಿಗೆ ತೋರಿಸಬೇಕು. ಸಾಮಾನ್ಯ ಜ್ವರ, ನೆಗಡಿ, ಭೇದಿಗಳಿಗೆ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಕ್ಯಾನ್ಸರ್ ಚಿಕಿತ್ಸೆಯಂಥ ಕೆಲವು ಔಷಧಿಗಳು ನಡೆಯುತ್ತಿದ್ದರೆ, ಎಚ್‌ಐವಿ ಇದ್ದರೆ, ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಮಗುವಿನ ತೂಕವನ್ನು ಆ ದಿನವೇ ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದಿನ ಎಲ್ಲ ಲೆಕ್ಕವೂ ಈ ಅಂಕಿಯ ಮೇಲೆಯೇ ನಿಲ್ಲುತ್ತದೆ. ಮಗುವಿಗೆ ಎರಡು ತಿಂಗಳು ದಾಟಿರದಿದ್ದರೆ ಕೆಲಸ ಸುಲಭ. ಅದಕ್ಕಿಂತ ದೊಡ್ಡ ಮಗುವೂ ಮರಳಿ ಚೀಪಲು ಕಲಿಯುತ್ತದೆ, ತಾಳ್ಮೆ ಮಾತ್ರ ಹೆಚ್ಚು ಬೇಕು.

ಮನೆಯವರು ಈ ಹಂತದಲ್ಲೇ ಒಂದು ತೀರ್ಮಾನ ಮಾಡಬೇಕು. ಎರಡು ವಾರ ತಾಯಿಗೆ ಮಗುವನ್ನು ಎತ್ತಿಕೊಳ್ಳುವುದು, ಉಣ್ಣುವುದು, ಮಲಗುವುದು ಬಿಟ್ಟರೆ ಬೇರೆ ಕೆಲಸವಿರಬಾರದು. ರೊಟ್ಟಿ ಬಡಿಯುವುದು, ನೀರು ತರುವುದು, ಬಟ್ಟೆ ಒಗೆಯುವುದು ಇವೆಲ್ಲ ಬೇರೆಯವರ ಪಾಲು. ಇದು ಆಗದ ಮನೆಯಲ್ಲಿ ಮುಂದೆ ಹೇಳುವ ಯಾವ ಉಪಾಯವೂ ಪೂರ್ತಿ ಕೆಲಸ ಮಾಡುವುದಿಲ್ಲ ಎಂದು ನನಗೆ ಖಾತ್ರಿಯಾಗಿ ಅನ್ನಿಸಿದೆ.

ದಿನಕ್ಕೆ ಎಷ್ಟು ಸಲ, ಹೇಗೆ

24 ಗಂಟೆಗಳಲ್ಲಿ 8ರಿಂದ 12 ಸಲ ಮಗುವಿಗೆ ಎದೆ ಕೊಡಬೇಕು, ಅಂದರೆ ಹಗಲಲ್ಲಿ ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ, ರಾತ್ರಿಯಲ್ಲೂ ಬಿಡದೆ. ಪ್ರತಿ ಸಲ ಎರಡೂ ಕಡೆ, ಒಂದೊಂದು ಕಡೆ 10ರಿಂದ 15 ನಿಮಿಷ, ಮಗು ಇನ್ನೂ ಚೀಪುತ್ತಿದ್ದರೆ ಅದಕ್ಕಿಂತ ಹೆಚ್ಚು. ಮಗು ತುಂಬಾ ಹಸಿದು ಅಳುವವರೆಗೆ ಕಾಯಬೇಡಿ; ಅರೆನಿದ್ದೆಯಲ್ಲಿರುವಾಗ, ಬಾಯಿ ಚಪ್ಪರಿಸುವಾಗ ಕೊಟ್ಟರೆ ಸಲೀಸಾಗಿ ಹಿಡಿಯುತ್ತದೆ. ಮಗುವಿನ ಬಾಯಿ ದೊಡ್ಡದಾಗಿ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಿ, ಗದ್ದ ಎದೆಗೆ ತಾಗಿರಬೇಕು. ತೊಟ್ಟು ಮಾತ್ರ ಹಿಡಿದರೆ ತಾಯಿಗೆ ಗಾಯ, ಮಗುವಿಗೆ ಗಾಳಿ.

ಉಳಿದ ಹೊತ್ತಿನಲ್ಲೂ ಮಗುವನ್ನು ಬರೀ ಲಂಗೋಟಿಯಲ್ಲಿ ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ತೆಳುವಾದ ಸೀರೆ ಹೊದಿಸಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನಲ್ಲಿ ಇದಕ್ಕೆ ಬೆಳಗಿನ ಜಾವ ಮತ್ತು ಸಂಜೆಯ ಹೊತ್ತು ಒಳ್ಳೆಯದು. ಬಾಟಲಿಯನ್ನೂ ಚೀಪುವ ರಬ್ಬರ್ ತೊಟ್ಟನ್ನೂ ಅಂದಿನಿಂದಲೇ ತೆಗೆದಿಡಬೇಕು, ಏಕೆಂದರೆ ಬಾಟಲಿಯಲ್ಲಿ ಹಾಲು ತಾನಾಗಿ ಬಾಯಿಗೆ ಬೀಳುತ್ತದೆ, ಎದೆಯಲ್ಲಿ ದುಡಿದು ಎಳೆಯಬೇಕು. ಸುಲಭದ್ದನ್ನು ಕಂಡ ಮಗು ಕಷ್ಟದ್ದನ್ನು ಒಲ್ಲೆನ್ನುತ್ತದೆ. ಬೇರೆ ಹಾಲನ್ನು ಒಳಲೆಯಲ್ಲೋ (ಕೂಸಿಗೆ ಹಾಲು ಹಾಕುವ, ಮೂತಿಯಿರುವ ಪುಟ್ಟ ಬಟ್ಟಲು) ಸಣ್ಣ ಲೋಟದಲ್ಲೋ ಕೊಡಿ.

ಮಗು ಎದೆ ಹಿಡಿಯಲೇ ಒಲ್ಲೆನ್ನುವಾಗ

ನಮ್ಮ ಕೂಸಿನ ಕಥೆ ಇದೇ ಆಗಿತ್ತು, ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಸಿಸ್ಟರ್ ಮೊದಲು ಮಾಡಿಸಿದ್ದು ಹನಿಹನಿ ಬಿಡುವ ಕ್ರಮ. ತಂಗಿ ಮಗುವನ್ನು ಎದೆಗೆ ಹಚ್ಚಿಕೊಂಡಳು; ನಾನು ಪಕ್ಕದಲ್ಲಿ ಕುಳಿತು ಒಳಲೆಯಿಂದ ಅವಳ ಎದೆಯ ಮೇಲ್ಭಾಗದಲ್ಲಿ ಹಾಲನ್ನು ಒಂದೊಂದೇ ಹನಿ ಬಿಟ್ಟೆ. ಹನಿ ಜಾರಿ ತೊಟ್ಟಿನ ತುದಿಗೆ ಬಂದು ನಿಂತಾಗ ಕೂಸು ನಾಲಿಗೆ ಚಾಚಿ ನೆಕ್ಕಿತು, ಇನ್ನೊಂದು ಹನಿಗೆ ಬಾಯಿ ತೆರೆಯಿತು, ನಾಲ್ಕೈದನೆಯ ಹನಿಯ ಹೊತ್ತಿಗೆ ಹಿಡಿದು ಎರಡು ಗುಟುಕು ಚೀಪಿತು. ಹಾಲಿನ ರುಚಿ ಅಲ್ಲಿಂದಲೇ ಬರುತ್ತಿದೆ ಎಂದು ಅದಕ್ಕೆ ತಿಳಿದರೆ ಸಾಕು.

ಎರಡು ದಿನದ ಮೇಲೆ ನಳಿಕೆಯ ಕ್ರಮಕ್ಕೆ ಬಂದೆವು. ಆಸ್ಪತ್ರೆಗಳಲ್ಲಿ ಎಳೆಮಕ್ಕಳಿಗೆ ಮೂಗಿನಿಂದ ಹಾಲು ಹಾಕಲು ಬಳಸುವ 5 ಅಥವಾ 6ನೇ ನಂಬರಿನ ಸಣ್ಣ ನಳಿಕೆ ಇದಕ್ಕೆ ಬೇಕು. ಒಂದು ತುದಿ ಹಾಲಿನ ಲೋಟದಲ್ಲಿ ಮುಳುಗಿರಬೇಕು. ಇನ್ನೊಂದು ತುದಿಯನ್ನು ಎದೆಯ ಮೇಲೆ ಅಂಟುಪಟ್ಟಿಯಿಂದ ಹಚ್ಚಿ, ತೊಟ್ಟಿನ ತುದಿಯವರೆಗೆ ತಂದು ಬಿಡಬೇಕು. ಮಗು ತೊಟ್ಟನ್ನೂ ನಳಿಕೆಯನ್ನೂ ಒಟ್ಟಿಗೆ ಬಾಯಿಗೆ ತೆಗೆದುಕೊಂಡು ಚೀಪಿದಾಗ ಲೋಟದ ಹಾಲು ಏರಿ ಬಾಯಿಗೆ ಬರುತ್ತದೆ. ಹೊಟ್ಟೆ ತುಂಬುವುದು ಲೋಟದ ಹಾಲಿನಿಂದ, ಎದೆಗೆ ಮುಟ್ಟುವುದು ಚೀಪಿದ ಸುದ್ದಿ. ಲೋಟವನ್ನು ಎತ್ತರಿಸಿದರೆ ಹಾಲು ಬೇಗ ಹರಿಯುತ್ತದೆ, ತಗ್ಗಿಸಿದರೆ ನಿಧಾನ. ಒಂದು ಸಲದ ಹಾಲು ಮುಗಿಯಲು ಸುಮಾರು ಅರ್ಧ ಗಂಟೆ ಹಿಡಿಯುವಂತೆ ಲೋಟವನ್ನು ಹೊಂದಿಸಿಕೊಳ್ಳಬೇಕು. ಮಗುವಿಗೆ ಕೆಮ್ಮು ಬಂದರೆ, ಉಸಿರು ಕಟ್ಟಿದಂತಾದರೆ ಕೂಡಲೇ ತಗ್ಗಿಸಬೇಕು. ಪ್ರತಿ ಸಲ ಬಳಸಿದ ಕೂಡಲೇ ನಳಿಕೆಯೊಳಗೆ ಸಿರಿಂಜಿನಿಂದ ನೀರು ಹಾಯಿಸಿ ತೊಳೆಯಬೇಕು, ಲೋಟವನ್ನು ಕುದಿಸಬೇಕು, ನಳಿಕೆಯನ್ನು ಆಗಾಗ ಹೊಸದು ತರಬೇಕು. ಮೊದಲ ಸಲ ಇದನ್ನು ಸಿಸ್ಟರ್ ಅಥವಾ ವೈದ್ಯರ ಕಣ್ಣೆದುರಿಗೇ ಮಾಡಿ. ಮೂರು ಕೈ ಬೇಕಾದ ಕೆಲಸ ಇದು.

ಮಗು ಚೀಪದ ಹೊತ್ತಿನಲ್ಲಿ ಕೈಯಿಂದ ಹಿಂಡಬೇಕು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಬಿಡಬೇಕು, ತೊಟ್ಟನ್ನು ಎಳೆಯಬಾರದು. ಮುಂಚೆ ಉಗುರುಬೆಚ್ಚನೆಯ ಬಟ್ಟೆಯ ಶಾಖ ಕೊಟ್ಟು, ಬೆನ್ನುಮೂಳೆಯ ಎರಡೂ ಬದಿ ಹೆಬ್ಬೆರಳಿನಿಂದ ಯಾರಾದರೂ ತಿಕ್ಕಿದರೆ ಹಾಲು ಇಳಿಯುವುದು ಸುಲಭ. ಮೊದಲ ದಿನಗಳಲ್ಲಿ ಏನೂ ಬರದಿರಬಹುದು, ಎರಡು ಹನಿ ಬರಬಹುದು. ಹಿಂಡುವುದರ ಉದ್ದೇಶ ಆ ಎರಡು ಹನಿಯಲ್ಲ, ಎದೆಯನ್ನು ಎಬ್ಬಿಸುವುದು.

ಬೇರೆ ಹಾಲಿನ ಲೆಕ್ಕ

ಹಾಲು ಬರಲಿ ಎಂದು ಮಗುವನ್ನು ಉಪವಾಸ ಕೆಡವುವುದು ಈ ದಾರಿಯಲ್ಲಿ ಜನ ಮಾಡುವ ದೊಡ್ಡ ತಪ್ಪು. ಹಸಿದು ಸೋತ ಮಗುವಿಗೆ ಚೀಪುವ ಶಕ್ತಿಯೇ ಇರುವುದಿಲ್ಲ. ಶುರುವಿನಲ್ಲಿ ಮಗುವಿಗೆ ಬೇಕಾದಷ್ಟನ್ನೂ ಕೊಡಬೇಕು: ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 150 ಮಿಲಿಲೀಟರ್. ನಾಲ್ಕು ಕಿಲೋ ಮಗುವಿಗೆ 600 ಮಿಲಿಲೀಟರ್, ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 75. ಯಾವ ಹಾಲು ಎಂಬುದನ್ನು ವೈದ್ಯರು ಹೇಳಲಿ. ಡಬ್ಬಿಯ ಹಾಲಾದರೆ ಡಬ್ಬಿಯ ಮೇಲೆ ಬರೆದಷ್ಟೇ ನೀರು. ದುಬಾರಿ ಎಂದು ತೆಳುವಾಗಿ ಕಲಸಿದರೆ ಮಗು ಸೊರಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಬೇಸಿಗೆಯಲ್ಲೂ ಪ್ರತ್ಯೇಕವಾಗಿ ನೀರು, ಜೇನುತುಪ್ಪ, ಗುಟ್ಟಿ ಬೇಡ.

ಎದೆಹಾಲು ಬರತೊಡಗಿತು ಎಂದು ಕಂಡಾಗ, ಅಂದರೆ ನಾಲ್ಕಾರು ಸಲ ಚೀಪಿ ಗುಟುಕರಿಸುವ ಸದ್ದು ಕೇಳಿದಾಗ, ಬೇರೆ ಹಾಲನ್ನು ಇಡೀ ದಿನದ ಲೆಕ್ಕದಲ್ಲಿ 50 ಮಿಲಿಲೀಟರ್ ಮಾತ್ರ ಕಡಿಮೆ ಮಾಡಿ, ಕೆಲವು ದಿನ ಅಲ್ಲಿಯೇ ನಿಲ್ಲಿ. ವಾರದ ಕೊನೆಗೆ ಅದೇ ತಕ್ಕಡಿಯಲ್ಲಿ ತೂಗಿಸಿ. ಕನಿಷ್ಠ 125 ಗ್ರಾಂ ಏರಿದ್ದರೆ ಇನ್ನೊಂದು 50 ಕಡಿಮೆ ಮಾಡಬಹುದು, ಏರದಿದ್ದರೆ ಕಡಿಮೆ ಮಾಡಬಾರದು. ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ತಿಳಿಯಾದ ಮೂತ್ರ ಹೋಗುತ್ತಿದ್ದರೆ ಹಾಲು ಸಾಕಾಗುತ್ತಿದೆ. ಆರು ಗಂಟೆಗಳ ಕಾಲ ಮೂತ್ರ ಹೋಗದಿದ್ದರೆ, ಬಾಯಿ ಒಣಗಿದ್ದರೆ, ನೆತ್ತಿ ಒಳಗೆ ಹೋಗಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಪ್ರಯೋಗ ಸಾಕು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

ಬಾಣಂತಿಯ ಊಟ, ಗುಳಿಗೆ, ಸಹಾಯ

ಸಬ್ಬಸಿಗೆ ಪಲ್ಯ, ಮೆಂತೆ, ಅಳವಿ ಪಾಯಸ, ಅಂಟಿನ ಉಂಡಿ ಇವೆಲ್ಲ ಬಾಣಂತಿಗೆ ಒಳ್ಳೆಯ ಆಹಾರ, ಪ್ರೀತಿಯಿಂದ ಮಾಡಿಕೊಡಿ. ಆದರೆ ಮಗು ಚೀಪದೆ ಇವುಗಳಿಂದಲೇ ಹಾಲು ಬರುವುದಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಮಾತ್ರ ನಮ್ಮ ಸೆಕೆಯ ನಾಡಿನಲ್ಲಿ ಬಿಡಲೇಬೇಕು. ಪ್ರತಿ ಸಲ ಹಾಲುಣಿಸಲು ಕೂತಾಗ ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ. ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟವನ್ನು ಬಿಡಬಾರದು. ಬಿಸಿಲಲ್ಲಿ ದುಡಿದು ಬಂದ ತಾಯಿಯ ಹಾಲು ‘ಕಾದ ಹಾಲು’, ಅದನ್ನು ಹಿಂಡಿ ಚೆಲ್ಲಬೇಕು ಎನ್ನುವ ಮಾತೂ ಇದೆ. ಎದೆಯಲ್ಲಿರುವ ಹಾಲು ಬಿಸಿಲಿಗೆ ಕೆಡುವುದಿಲ್ಲ. ಕೈ ತೊಳೆದು, ನೀರು ಕುಡಿದು, ಕೂಡಲೇ ಕೊಡಬಹುದು.

ಕುಟುಂಬ ಯೋಜನೆಯ ಮಾಲಾ-ಎನ್ ಗುಳಿಗೆಯಲ್ಲಿ ಈಸ್ಟ್ರೋಜನ್ ಇರುವುದರಿಂದ ಅದು ಹಾಲನ್ನು ಕಡಿಮೆ ಮಾಡಬಹುದು. ಅದನ್ನು ನುಂಗುತ್ತಿದ್ದರೆ ಕಾಪರ್-ಟಿ, ಛಾಯಾ ಗುಳಿಗೆ ಅಥವಾ ಅಂತರಾ ಚುಚ್ಚುಮದ್ದಿನ ಬಗ್ಗೆ ಸಿಸ್ಟರ್ ಹತ್ತಿರ ಮಾತಾಡಿ. ಹಾಲು ಹೆಚ್ಚಿಸುವ ಗುಳಿಗೆ ಎಂದು ಡೊಂಪೆರಿಡೋನ್, ಮೆಟೊಕ್ಲೋಪ್ರಮೈಡ್‌ಗಳನ್ನು ಅಂಗಡಿಯಿಂದ ನೇರವಾಗಿ ತರಬಾರದು. ಮೊದಲನೆಯದು ಹೃದಯದ ಬಡಿತವನ್ನೂ ಎರಡನೆಯದು ಮನಸ್ಸನ್ನೂ ಬಾಧಿಸಬಲ್ಲದು.

ಆಶಾ ಕಾರ್ಯಕರ್ತೆ ಹೆರಿಗೆಯಾದ 42ನೇ ದಿನದವರೆಗೆ ಮನೆಗೆ ಬರುತ್ತಾರೆ. ಆ ಭೇಟಿಗಳಲ್ಲಿ ಹಾಲಿನ ವಿಷಯವನ್ನೇ ಮೊದಲು ಎತ್ತಿ. ನಳಿಕೆಯ ಕ್ರಮ ಕಲಿಯಲು ತಾಲ್ಲೂಕು ಆಸ್ಪತ್ರೆಯಲ್ಲಿ, ಇಲ್ಲವೇ ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಕೇಳಬಹುದು.

ಮಗು ಆಗಾಗ ಚೀಪುತ್ತಲೇ ಇದ್ದರೆ ಕೆಲವೇ ದಿನಗಳಲ್ಲಿ ಹಾಲು ಹೆಚ್ಚುತ್ತದೆ. ಪೂರ್ತಿ ಬಿಟ್ಟಿದ್ದರೆ ಒಂದೆರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನನ್ನ ತಂಗಿಗೆ ಒಂಬತ್ತನೆಯ ದಿನ ಕೂಸು ನಿದ್ದೆಹೋದ ಮೇಲೆ ಅದರ ತುಟಿಯ ಅಂಚಿನಲ್ಲಿ ಬಿಳಿ ಹನಿ ಕಂಡಿತು. ಆ ಸಲ ನಾವು ನಳಿಕೆ ಹಚ್ಚಿರಲಿಲ್ಲ. ಎರಡು ತಿಂಗಳಲ್ಲಿ ಡಬ್ಬಿ ಹಾಲು ಸಂಜೆಯ ಒಂದು ಒಳಲೆಗೆ ಇಳಿಯಿತು, ಅದಕ್ಕಿಂತ ಕಡಿಮೆಯಾಗಲಿಲ್ಲ. ಆ ಒಂದು ಒಳಲೆಯನ್ನು ನಾವು ಮುಂದುವರಿಸಿದೆವು, ಆರು ತಿಂಗಳು ತುಂಬಿ ಕೂಸಿಗೆ ಗಂಜಿ ಶುರುವಾದ ಮೇಲೆ ಅದೂ ಬೇಕಾಗಲಿಲ್ಲ. ಎದೆಹಾಲು ಮುಂದೆಯೂ ನಡೆಯಿತು.