ಆಯುಧಪೂಜೆ ಆದಮೇಲೆ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲವೇ? ಮೊದಲು ಕೇಬಲ್ ನೋಡಿ

ಮೈಸೂರಿನಲ್ಲಿ ಆಯುಧಪೂಜೆಯ ದಿನ ಸ್ಕೂಟರು, ಕಾರಿನ ಜೊತೆಗೆ ಕಂಪ್ಯೂಟರಿಗೂ ಕುಂಕುಮ ಬೀಳುತ್ತದೆ. ಮೇಜಿನಡಿಯ ಸಿಪಿಯು ಡಬ್ಬವನ್ನು ಈಚೆಗೆಳೆದು ದೂಳು ಒರೆಸುವುದೂ ಎಷ್ಟೋ ಮನೆಗಳಲ್ಲಿ ಅಂದೇ. ಹಬ್ಬ ಮುಗಿಸಿ ಆನ್ ಮಾಡಿದರೆ ವಿಂಡೋಸ್ ಬರುವುದಿಲ್ಲ. ಬೂಟ್ ಡಿವೈಸ್ ಇಲ್ಲ ಎಂಬ ಸಾಲು ಕಪ್ಪು ಪರದೆಯ ಮೇಲೆ ನಿಂತಿರುತ್ತದೆ. ಹೊಸ ಡಿಸ್ಕ್ ಕೊಳ್ಳಲು ದೇವರಾಜ ಅರಸು ರಸ್ತೆಗೆ ಹೊರಡುವ ಮುನ್ನ ಒಂದರ್ಧ ಗಂಟೆ ಕೇಬಲ್‌ಗಳಿಗೆ ಕೊಡಿ.

ಮೊದಲು ಕಿವಿಗೊಟ್ಟು ಕೇಳಿ. ಆನ್ ಮಾಡಿದಾಗ ಡಿಸ್ಕ್ ತಿರುಗುವ ಸಣ್ಣ ಗುಂಯ್ ಸದ್ದಿದ್ದೂ ಕಂಪ್ಯೂಟರಿಗೆ ಅದು ಕಾಣದಿದ್ದರೆ ಡೇಟಾ ಕೇಬಲ್ ಮೇಲೆ ಅನುಮಾನ. ಸದ್ದೇ ಇಲ್ಲದಿದ್ದರೆ ಪವರ್ ಕೇಬಲ್ ಮೇಲೆ. ಟಕ್ ಟಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ಬೇರೊಂದು ಪವರ್ ಪ್ಲಗ್ ಹಾಕಿದರೂ ಬಡಿತ ನಿಲ್ಲದಿದ್ದರೆ ಅದು ಡೇಟಾ ರಿಕವರಿ ಮಾಡುವವರ ಕೆಲಸ, ನಿಮ್ಮದಲ್ಲ.

ಬಿಚ್ಚುವುದು

ಕಂಪ್ಯೂಟರ್ ಆಫ್ ಮಾಡಿ, ಹಿಂದಿನ ಪವರ್ ವೈರನ್ನೇ ಕಿತ್ತುಬಿಡಿ. ಆಮೇಲೆ ಮುಂದಿನ ಬಟನ್ನನ್ನು ಐದು ಸೆಕೆಂಡ್ ಒತ್ತಿದರೆ ಒಳಗೆ ಉಳಿದ ವಿದ್ಯುತ್ ಬಹುಮಟ್ಟಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಎಡಬದಿಯ ತಗಡು ಹಿಂದಿನ ಎರಡು ಸ್ಕ್ರೂಗಳಿಂದ ನಿಂತಿರುತ್ತದೆ. ತೆಗೆದು ಹಿಂದಕ್ಕೆ ಜಾರಿಸಿ. ಡಬ್ಬದ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಯಾವ ಕೇಬಲ್ ಮದರ್‌ಬೋರ್ಡಿನ ಎಷ್ಟನೇ ಸಾಟಾ ಪೋರ್ಟಿಗೆ (ಡಿಸ್ಕಿನ ಡೇಟಾ ಕೇಬಲ್ ಚುಚ್ಚುವ ಜಾಗ) ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಡಿಸ್ಕಿನ ಹಿಂದೆ ಎರಡು ಪ್ಲಗ್‌ಗಳಿವೆ: 15 ಸಂಪರ್ಕಗಳ ಅಗಲದ್ದು ಪವರ್, 7 ಸಂಪರ್ಕಗಳ ಚಿಕ್ಕದು ಡೇಟಾ. ಲೋಹದ ಕ್ಲಿಪ್ ಇದ್ದರೆ ಅದನ್ನು ಅದುಮಿ, ವೈರನ್ನಲ್ಲ, ಪ್ಲಗ್ಗನ್ನೇ ಹಿಡಿದು ನೇರಕ್ಕೆ ಎಳೆಯಿರಿ. ಅತ್ತಿತ್ತ ಅಲ್ಲಾಡಿಸಬೇಡಿ. ಡಿಸ್ಕಿನಿಂದ ಚಾಚಿರುವ ಪ್ಲಾಸ್ಟಿಕ್ ನಾಲಿಗೆ ಮುರಿದರೆ ಚೆನ್ನಾಗಿದ್ದ ಡಿಸ್ಕೂ ಕೆಲಸಕ್ಕೆ ಬಾರದಂತಾಗುತ್ತದೆ. ಇಲ್ಲಿ ಹಾನಿಯಾಗುವುದು ಹೆಚ್ಚಾಗಿ ಹೀಗೆಯೇ.

ದೂಳಿದ್ದರೆ ಒಣಗಿದ ಮೆತ್ತನೆಯ ಬ್ರಷ್ ಸಾಕು. ಬಾಯಿಂದ ಊದಿದರೆ ಎಂಜಲ ಹನಿ ಒಳಗೆ ಸೇರುತ್ತದೆ.

ಕೂಡಿಸುವುದು

ಪ್ಲಗ್ಗಿನ ಒಳಗಿನ ‘ಎಲ್’ ಆಕಾರ ಹೊಂದುವಂತೆ ಹಿಡಿದು ನೇರವಾಗಿ, ಪೂರ್ತಿ ತಳ್ಳಿ. ಕ್ಲಿಪ್ ಇದ್ದರೆ ‘ಕ್ಲಿಕ್’ ಅನ್ನಬೇಕು. ಮದರ್‌ಬೋರ್ಡ್ ಕಡೆಯ ತುದಿಯನ್ನೂ ಹೀಗೇ ಮಾಡಿ. ಎಷ್ಟೋ ಬಾರಿ ಸಡಿಲವಾಗಿರುವುದು ಆ ತುದಿಯೇ, ನೋಡುವವರು ಮಾತ್ರ ಕಡಿಮೆ. ಕ್ಲಿಪ್ ಇಲ್ಲದ ಹಳೇ ಕೇಬಲ್ ಬೆರಳು ತಾಕಿದರೆ ಅಲ್ಲಾಡುವಂತಿದ್ದರೆ ಮತ್ತೆ ತುರುಕುವುದು ವ್ಯರ್ಥ. ಕ್ಲಿಪ್ಪಿರುವ ಹೊಸದನ್ನು ಹಾಕಿ. ಡಬ್ಬದೊಳಗೆ 45–50 ಸೆಂಟಿಮೀಟರ್ ಉದ್ದ ಸಾಮಾನ್ಯವಾಗಿ ಸಾಕು.

ಸರಿಮಾಡಿದ್ದು ಮತ್ತೆ ಮತ್ತೆ ಸಡಿಲವಾದರೆ ಕಾರಣ ಬೇರೆ ಇದೆ. ಪಕ್ಕದ ತಗಡು ಮುಚ್ಚಿದಾಗ ಕೇಬಲ್ಲನ್ನು ಒತ್ತುತ್ತಿರಬಹುದು. ಆಗ 90 ಡಿಗ್ರಿ ಬಾಗಿದ ಪ್ಲಗ್ಗಿನ ಕೇಬಲ್ ಬೇಕು. ಇಲ್ಲವೇ ಡಿಸ್ಕನ್ನು ಹಿಡಿದಿರುವ ನಾಲ್ಕು ಸ್ಕ್ರೂಗಳಲ್ಲಿ ಎರಡು ಇಲ್ಲದೆ ಅದು ಅದುರುತ್ತಿರಬಹುದು.

ಪವರ್ ಪ್ಲಗ್ ಸಾಲದೆಂದು ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ, ಎರಕ ಹೊಯ್ದಂಥ ಅಡಾಪ್ಟರ್ ಹಾಕಬೇಡಿ. ಅವು ಒಳಗೇ ಶಾರ್ಟ್ ಆಗಿ ಕರಗಿ ಹೊತ್ತಿಕೊಂಡದ್ದುಂಟು. ಕೇಬಲ್ ಬಿಚ್ಚಬಹುದಾದ ಎಸ್‌ಎಂಪಿಎಸ್ (ಡಬ್ಬದೊಳಗೆ ಎಲ್ಲಕ್ಕೂ ವಿದ್ಯುತ್ ಕೊಡುವ ಪೆಟ್ಟಿಗೆ) ಇದ್ದರೆ ಬೇರೆ ಕಂಪನಿಯ ಕೇಬಲ್ ಹೊಂದಿಕೊಂಡಿತೆಂದು ಚುಚ್ಚಬೇಡಿ. ಪಿನ್‌ಗಳ ಕ್ರಮ ಬೇರೆಯಿದ್ದರೆ ಡಿಸ್ಕ್ ಸುಟ್ಟೇ ಹೋಗುತ್ತದೆ.

ಸರಿಯಾಯಿತೇ?

ಆನ್ ಮಾಡಿದ ಕೂಡಲೇ ಕೀಬೋರ್ಡಿನ ಡೆಲ್ (ಡಿಲೀಟ್) ಅಥವಾ ಎಫ್2 ಕೀ ಒತ್ತಿ, ವಿಂಡೋಸ್‌ಗೂ ಮುನ್ನ ತೆರೆಯುವ ಬಯಾಸ್ ಸೆಟಿಂಗ್ ಪರದೆಯಲ್ಲಿ ಡಿಸ್ಕಿನ ಹೆಸರು ಹುಡುಕಿ. ವಿಂಡೋಸ್ ಬಂದಮೇಲೆ ಡಿಸ್ಕಿನ ಆರೋಗ್ಯ ತೋರಿಸುವ, ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಸಿ7 ಸಾಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೇಬಲ್ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕವದು; ರಿಪೇರಿ ಆದರೂ ಇಳಿಯದು, ಆದ್ದರಿಂದ ಹಳೇ ಸಂಖ್ಯೆ ಕಂಡು ಗಾಬರಿಯಾಗಬೇಡಿ. ಕೆಲವು ಜಿಬಿಯ ಫೈಲ್ ನಕಲು ಮಾಡಿ ಮತ್ತೆ ನೋಡಿ. ಏರದಿದ್ದರೆ ಕೆಲಸ ಆಯಿತು. ಏರಿದರೆ ಕೇಬಲ್, ಆಮೇಲೆ ಪೋರ್ಟ್ ಬದಲಿಸಿ. 05 ಮತ್ತು ಸಿ5 ಸಾಲುಗಳು (ಡಿಸ್ಕಿನೊಳಗೇ ಕೆಟ್ಟ ಜಾಗಗಳ ಲೆಕ್ಕ) ಏರುತ್ತಿದ್ದರೆ ಮಾತ್ರ ಕೆಟ್ಟಿರುವುದು ಡಿಸ್ಕೇ. ಅದು ಓಡುತ್ತಿರುವಾಗಲೇ ಫೈಲ್‌ಗಳನ್ನು ಬೇರೆಡೆಗೆ ತೆಗೆದಿಡಿ.