ಮುಚ್ಚಳ ಹಾಕುವ ಮೊದಲು

ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುತ್ತದೆ. ಆದ್ದರಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ತೋಟದ ಮನೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ಮಕ್ಕಳಿಗೆ ರಜೆಯಾದರೂ ಹಿರಿಯರಿಗೆ ಬಿಡುವಿಲ್ಲದ ಕಾಲ. ಮೇ 24ರ ಹೊತ್ತಿಗೆ ಬರುವ ಪತ್ತನಾಜೆಗೆ ಊರಿನ ಕೋಲ, ನೇಮ, ಯಕ್ಷಗಾನದ ಆಟಗಳು ಮುಗಿಯುವಂತೆ, ಮಳೆಗಾಲಕ್ಕೆಂದು ಒಣಗಿಸಿ, ಉಪ್ಪು ಹಾಕಿ ಕಾಪಿಡುವ ನಮ್ಮ ಅಂಗಳದ ಕೆಲಸಗಳೂ ಮುಗಿಯಬೇಕೆಂಬುದು ನನ್ನ ಅತ್ತೆಯವರು ಇಟ್ಟುಕೊಂಡಿದ್ದ ಲೆಕ್ಕ, ಮತ್ತು ಅದನ್ನು ಬದಲಾಯಿಸಲು ನನಗೆ ಇದುವರೆಗೆ ಕಾರಣ ಸಿಕ್ಕಿಲ್ಲ.

ಮಳೆಗಾಲದಲ್ಲಿ ದಾಸ್ತಾನು ಕೆಟ್ಟರೆ ಎಲ್ಲರೂ ಮಳೆಯನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ಕೆಡುವ ಪದಾರ್ಥ ಮೇ ತಿಂಗಳಲ್ಲಿ ಮುಚ್ಚಳ ಹಾಕಿದ ದಿನವೇ ಕೆಟ್ಟಿರುತ್ತದೆ, ನಮಗೆ ಅದು ತಿಳಿಯುವುದು ಮಾತ್ರ ಜುಲೈ–ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ. ಕಾಪಿಡುವುದಕ್ಕೆ ನಮ್ಮಲ್ಲಿ ಇರುವುದು ಮುಖ್ಯವಾಗಿ ಎರಡು ದಾರಿ: ನೀರನ್ನು ಪೂರ್ತಿಯಾಗಿ ತೆಗೆಯುವುದು, ಇಲ್ಲವೇ ಉಪ್ಪಿನಲ್ಲಿ ಪೂರ್ತಿಯಾಗಿ ಮುಳುಗಿಸುವುದು. ಇವೆರಡರಲ್ಲಿ ಯಾವುದನ್ನು ಅರೆಬರೆ ಮಾಡಿದರೂ ಬೂಷ್ಟು ಹಿಡಿಯುತ್ತದೆ.

ಮೊದಲು ಒಣಗಿಸುವ ವಿಚಾರ. ಹಸಿ ತೆಂಗಿನ ತಿರುಳಿನ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ, ಎಣ್ಣೆಗೆ ಕೊಡುವ ಕೊಬ್ಬರಿಯಲ್ಲಿ ಅದು ನೂರಕ್ಕೆ ಆರೇಳು ಪಾಲಿಗೆ ಇಳಿದಿರಬೇಕು. ಅದನ್ನು ಅಳೆಯಲು ಮನೆಯಲ್ಲಿ ಯಂತ್ರ ಬೇಕಿಲ್ಲ; ಹೋಳನ್ನು ಮುರಿದಾಗ ಬಾಗದೆ ಸದ್ದು ಮಾಡಿ ತುಂಡಾದರೆ ಗಾಣಕ್ಕೆ ಕಳುಹಿಸಬಹುದು, ಬಾಗಿದರೆ ಇನ್ನೆರಡು ಬಿಸಿಲು ಬೇಕು. ಹಸಿ ಉಳಿದ ಕೊಬ್ಬರಿಯಿಂದ ತೆಗೆದ ಎಣ್ಣೆ ಬೇಗ ಕಮಟು ವಾಸನೆ ಬರುತ್ತದೆ. ಕಾಳುಮೆಣಸನ್ನು ಒಣಗಿಸುವ ಮೊದಲು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮನಾಗಿ ಕಪ್ಪಾಗುತ್ತದೆ.

ಹಲಸಿನ ಹಪ್ಪಳದ ಕಷ್ಟ ಬೇರೆಯೇ. ಅದು ಅಂಚಿನಲ್ಲಿ ಬೇಗ ಒಣಗಿ ನಡುವಿನಲ್ಲಿ ಮೆತ್ತಗೆ ಉಳಿಯುವುದರಿಂದ ಅಂಚನ್ನು ಮುಟ್ಟಿ ನೋಡಿ ತೀರ್ಮಾನಿಸಬಾರದು, ನಡುವೆ ಮುರಿದು ನೋಡಬೇಕು. ಹೆಚ್ಚಿನವರು ಎಡವುವುದು ಇದಾದ ಮೇಲಿನ ಹೆಜ್ಜೆಯಲ್ಲಿ: ಸಂಜೆ ಚಾಪೆಯಿಂದ ಎತ್ತಿದ ಹಪ್ಪಳವನ್ನು ಬಿಸಿಲಿನ ಕಾವು ಇರುವಾಗಲೇ ಡಬ್ಬಿಗೆ ತುಂಬಿಸಿಬಿಡುತ್ತಾರೆ. ಮುಚ್ಚಳದ ಒಳಗೆ ಆ ಕಾವು ಬೆವರಾಗಿ ಇಳಿಯುತ್ತದೆ. ಒಂದು ಗಂಟೆ ಒಳಗಿನ ನೆರಳಿನಲ್ಲಿ ಆರಲು ಬಿಟ್ಟು ಆಮೇಲೆ ತುಂಬಿಸಿದರೆ ಸಾಕು, ಆದರೆ ದಿನವಿಡೀ ದುಡಿದ ಕೈಗೆ ಆ ಒಂದು ಗಂಟೆಯೇ ದೊಡ್ಡದಾಗಿ ಕಾಣುತ್ತದೆ.

ಉಪ್ಪಿನ ದಾರಿಯಲ್ಲಿಯೂ ಅವಸರವೇ ಶತ್ರು. ಮಾವಿನ ಮಿಡಿಯನ್ನು ತೊಟ್ಟಿನೊಂದಿಗೆ ಕೊಯ್ಯಿಸಬೇಕು; ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಅಂದೇ ಗೊಜ್ಜಿಗೋ ಚಟ್ನಿಗೋ ಬಳಸಬೇಕೇ ಹೊರತು ಉಳಿತಾಯವೆಂದು ಭರಣಿಗೆ ಸೇರಿಸಬಾರದು. ಹರಳುಪ್ಪಿನಲ್ಲಿ ಮಿಡಿ ಚೆನ್ನಾಗಿ ಮುರುಟಿದ ಮೇಲೆ ಬಿಟ್ಟುಕೊಂಡ ನೀರನ್ನು ಕುದಿಸಿ, ಪೂರ್ಣವಾಗಿ ತಣಿದ ಬಳಿಕವೇ ಅದರಲ್ಲಿ ಸಾಸಿವೆ ಮತ್ತು ಮೆಣಸನ್ನು ಅರೆಯಬೇಕು. ಉಪ್ಪುಸೊಳೆಗಾದರೋ, ಅಂದರೆ ಉಪ್ಪಿನಲ್ಲಿಡುವ ಹಲಸಿನ ತೊಳೆಗೆ, ಬೆಳೆದ, ಹಣ್ಣಾಗದ ಹಲಸೇ ಆಗಬೇಕು. ಸೊಳೆಗೆ ನೀರು ತಾಗಿಸದೆ ಪದರ ಪದರವಾಗಿ ಉಪ್ಪು ಬೆರೆಸಿ ಒತ್ತಿ ತುಂಬಿ, ಮೇಲೆ ತೊಳೆದು ಒಣಗಿಸಿದ ಕಲ್ಲಿನ ಭಾರವಿಟ್ಟು, ಬಟ್ಟೆಯಿಂದ ಬಾಯಿ ಕಟ್ಟಬೇಕು. ಮರುದಿನ ಮರೆಯದೆ ಬಿಚ್ಚಿ ನೋಡಬೇಕು, ಏಕೆಂದರೆ ಉಪ್ಪುನೀರಿನಿಂದ ಮೇಲೆದ್ದು ನಿಂತ ನಾಲ್ಕು ಸೊಳೆ ಇಡೀ ಭರಣಿಯನ್ನು ಕೆಡಿಸಬಲ್ಲದು. ಸೊಳೆಯನ್ನು ಫ್ರಿಜ್ಜಿನಲ್ಲಿಟ್ಟರೆ ಸಾಲದೇ ಎಂದು ಸೊಸೆ ಕೇಳುತ್ತಾಳೆ. ಇಡಬಹುದು, ಆದರೆ ಗಾಳಿಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟು ಇಲ್ಲದಿರುವ ಊರಿನಲ್ಲಿ ನಾನು ಭರಣಿಯನ್ನೇ ನೆಚ್ಚುತ್ತೇನೆ.

ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ಒಂದಕ್ಕೊಂದು ತಾಗದಂತೆ ತೂಗುಹಾಕುವುದು ಎಲ್ಲರಿಗೂ ತಿಳಿದದ್ದೇ.

ಹೇಳಬೇಕಾದ ಇನ್ನೊಂದು ಕೆಲಸ ಅಡುಗೆಮನೆಯದಲ್ಲ. ಅಡಿಕೆ ಸುಲಿಯಲು, ಕಟ್ಟಿಗೆ ಒಡೆಯಲು, ಹಪ್ಪಳಕ್ಕೆ ಕೈಗೂಡಿಸಲು ಬಂದವರ ಲೆಕ್ಕವನ್ನು ಮಳೆ ಹಿಡಿಯುವ ಮೊದಲು ಪೂರ್ತಿಯಾಗಿ ತೀರಿಸಿಬಿಡಬೇಕು. ಮಳೆಗಾಲದಲ್ಲಿ ಅವರಿಗೆ ಕೆಲಸ ಕಡಿಮೆ, ಖರ್ಚು ಹೆಚ್ಚು. ನಮ್ಮಲ್ಲಿ ಉಳಿದ ಬಾಕಿಯನ್ನು ಕೇಳಲು ಅವರಿಗೆ ಸಂಕೋಚ, ನೆನಪಿಸಿಕೊಳ್ಳಲು ನಮಗೆ ಉದಾಸೀನ. ಹಪ್ಪಳಕ್ಕೆ ಕೂಲಿಯಿಲ್ಲದೆ ನೆರವಾದ ನೆರೆಮನೆಯವರಿಗೆ ಒಂದು ಕಟ್ಟು ಹಪ್ಪಳವನ್ನು ಡಬ್ಬಿ ತುಂಬಿಸುವ ಮೊದಲೇ ತೆಗೆದಿಡಬೇಕು. ಕೊನೆಯಲ್ಲಿ ಉಳಿದ ಒಡಕು ಹಪ್ಪಳವನ್ನು ಕೊಡುವುದು ನನಗೆ ಸರಿಯೆನಿಸುವುದಿಲ್ಲ.

ಮಳೆ ಬಂದ ಮೇಲೆ ದೊಡ್ಡ ಭರಣಿಯನ್ನು ದಿನಾ ತೆರೆಯಬಾರದು. ಬಿಸಿಲು ಕಂಡ ದಿನ, ಒಣಗಿದ ಸೌಟಿನಿಂದ, ಹದಿನೈದು ದಿನಕ್ಕೆ ಬೇಕಾದಷ್ಟು ಮಿಡಿಯನ್ನು ಸಣ್ಣ ಜಾಡಿಗೆ ತೆಗೆದುಕೊಂಡು, ಭರಣಿಯ ಅಂಚನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಕಟ್ಟಬೇಕು. ಉಪ್ಪುಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಬೆಳಗ್ಗೆ ಎರಡು ಬಾರಿ ನೀರು ಬದಲಿಸಿ ಹಿಂಡಿದರೆ ರೊಟ್ಟಿಗೂ, ಸಣ್ಣ ಉಂಡೆ ಕಟ್ಟಿ ಕರಿಯುವ ಉಂಡ್ಲಕಾಳಿಗೂ ಉಪ್ಪು ಹದವಾಗಿರುತ್ತದೆ.