ಪಡಸಾಲೆಯ ಬೆಳಕಿನಲ್ಲಿ ಮನೆಯವರು: ದಿನನಿತ್ಯದ ಫೋಟೊ ತೆಗೆದು ಉಳಿಸಿಕೊಳ್ಳುವ ಬಗೆ

ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಹಾರ ಹಾಕಿ ಗೋಡೆಗೆ ತೂಗುಬಿಟ್ಟ ಮುತ್ಯಾನ ಫೋಟೊ ಯಾರದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದಾಗಿರುತ್ತದೆ, ಇಲ್ಲವೇ ಆಧಾರ್ ಕಾರ್ಡಿನ ಚಿತ್ರವೇ ಆಗಿರುತ್ತದೆ. ಜೀವಮಾನವಿಡೀ ಹೊಲದಲ್ಲಿ ದುಡಿದವರು ಹೊಲದಲ್ಲಿ ನಿಂತಿರುವ ಒಂದು ಚಿತ್ರವೂ ಹುಡುಕಿದರೆ ಸಿಗುವುದಿಲ್ಲ. ಇದಕ್ಕೆ ಕ್ಯಾಮೆರಾ ಇಲ್ಲದಿರುವುದು ಕಾರಣವಲ್ಲ, ಈಗ ಮನೆಗೆ ನಾಲ್ಕು ಮೊಬೈಲುಗಳಿವೆ. ಜನರು ಕೆಲಸ ಬಿಟ್ಟು, ಸೀರೆ ಬದಲಿಸಿ, ಸಾಲಾಗಿ ನಿಂತಾಗ ಮಾತ್ರ ಫೋಟೊ ತೆಗೆಯಬೇಕೆಂಬ ರೂಢಿ ನಮ್ಮಲ್ಲಿ ಉಳಿದುಬಿಟ್ಟಿದೆ. ಮನೆಯವರನ್ನು ಅವರ ಕೆಲಸದಲ್ಲಿ, ಅವರ ಜಾಗದಲ್ಲಿ, ಅವರ ಹೊತ್ತಿನಲ್ಲಿ ಸೆರೆಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಬಾಗಲಕೋಟೆ ಸೀಮೆಯವರಿಗೆ ಜಾಗದ ಮಾತು ಹೆಚ್ಚು ಬೇಗ ಅರ್ಥವಾಗುತ್ತದೆ. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸಿದಾಗ ಹಳೆಯ ಪಟ್ಟಣದ ಒಂದು ಭಾಗವೂ ನದಿದಂಡೆಯ ಅನೇಕ ಹಳ್ಳಿಗಳೂ ಮುಳುಗಡೆಯಾಗಿ, ಜನರು ನವನಗರಕ್ಕೆ ಮತ್ತು ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದರು. ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆಯೂ ಮುಂದಿರುವುದರಿಂದ ಇನ್ನೂ ಹಲವು ಊರುಗಳ ಜನ ಮನೆ ಬಿಡಬೇಕಾಗಿ ಬರಬಹುದು. ಅಂಥ ಊರಿನಲ್ಲಿ ಮನೆ ಇರುವವರು ಮುಖಗಳ ಚಿತ್ರ ತೆಗೆದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಬಾಗಿಲ ಚೌಕಟ್ಟು, ಪಡಸಾಲೆಯ ಕಂಬ, ದನ ಕಟ್ಟುವ ಜಾಗ, ಹೊರಗಿನ ಕಟ್ಟೆ ಎಲ್ಲವೂ ಕಾಣುವಂತೆ ಅದೇ ಜನರನ್ನು ಮತ್ತೊಮ್ಮೆ ತೆಗೆಯಬೇಕು. ಖಾಲಿ ಮನೆಯ ಚಿತ್ರ ಸಾಲದು. ಕಟ್ಟೆಯ ಮೇಲೆ ಕುಳಿತುಕೊಳ್ಳುವವರು ಅಲ್ಲಿ ಕುಳಿತಿರುವಾಗಲೇ ತೆಗೆದ ಚಿತ್ರ ಬೇಕು.

ಸಾಧನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಲ್ಲಿರುವ ಮೊಬೈಲ್ ಸಾಕು. ಕಿಸೆಯಲ್ಲಿ, ಸೆರಗಿನ ಗಂಟಿನಲ್ಲಿ ಇದ್ದು ಎಣ್ಣೆ ಹತ್ತಿದ ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಕೊಳ್ಳುವುದನ್ನು ಮರೆಯಬಾರದು, ಏಕೆಂದರೆ ಮಸುಕು ಚಿತ್ರಗಳಲ್ಲಿ ಅರ್ಧದಷ್ಟು ಈ ಜಿಡ್ಡಿನಿಂದಲೇ ಆಗುತ್ತವೆ ಎಂಬುದು ನನ್ನ ಅಂದಾಜು. ಮೊಬೈಲಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುವಂಥದ್ದು, ಹಾಗಾಗಿ ತೀರ ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಒಂದು ಮಾರು ದೂರ ನಿಂತು, ಫೋನಿನಲ್ಲಿ ಎರಡರಷ್ಟು ಹಿಗ್ಗಿಸುವ ಲೆನ್ಸ್ ಇದ್ದರೆ ಅದನ್ನು ಬಳಸಬೇಕು. ಕ್ಯಾಮೆರಾ ಕೊಳ್ಳಲೇಬೇಕೆನ್ನುವವರಿಗೆ ಹೆಚ್ಚು ಬೆಳಕನ್ನು ಒಳಬಿಡುವ 50 ಮಿ.ಮೀ., ಎಫ್/1.8 ಲೆನ್ಸ್ ಮನೆಯೊಳಗಿನ ಮಂದ ಬೆಳಕಿಗೆ ಒಗ್ಗುತ್ತದೆ.

ಬೆಳಕಿನ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು. ಮಾಳಿಗೆ ಮನೆಗಳ ಗೋಡೆ ದಪ್ಪ, ಕಿಟಕಿ ಸಣ್ಣದು, ಮೇಲೊಂದು ಬೆಳಕಿಂಡಿ. ಆ ಬೆಳಕಿಂಡಿಯ ಕೆಳಗೇ ಒಬ್ಬರನ್ನು ಕೂರಿಸಿದರೆ ಹಣೆ ಹೊಳೆದು, ಕಣ್ಣುಗಳು ನೆರಳಿನ ಗುಳಿಗಳಾಗುತ್ತವೆ. ಅವರು ಒಂದು ಮೊಳ ಆಚೆ ಕುಳಿತರೆ ನೆಲಕ್ಕೆ ಬಿದ್ದ ಬಿಸಿಲು ಮೇಲೆದ್ದು ಮುಖವನ್ನು ಮೃದುವಾಗಿ ತುಂಬುತ್ತದೆ. ಕಿಟಕಿಯ ಬೆಳಕು ಸಾಕಾಗುವಷ್ಟಿದ್ದರೆ ಟ್ಯೂಬ್‌ಲೈಟ್ ಆರಿಸಿಬಿಡಬೇಕು, ಎರಡೂ ಇದ್ದರೆ ಮುಖದ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು ಬಣ್ಣವಾಗುತ್ತದೆ. ರಾತ್ರಿ ದೀಪದಲ್ಲೇ ತೆಗೆಯಬೇಕಾದಾಗ ಚಿತ್ರದ ಅಡ್ಡಕ್ಕೆ ಪಟ್ಟೆಗಳು ಬಂದರೆ ಗಾಬರಿಯಾಗಬೇಕಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಷಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಮನೆಯೊಳಗೆ ಫ್ಲ್ಯಾಶ್ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅದು ಮುಖವನ್ನು ಸುಣ್ಣ ಬಳಿದಂತೆ ಮಾಡಿ, ಹಿಂದಿನ ಮನೆಯನ್ನೇ ಕತ್ತಲಿಗೆ ತಳ್ಳುತ್ತದೆ.

ಅಭ್ಯಾಸಕ್ಕೆ ಅಡುಗೆಮನೆಗಿಂತ ಒಳ್ಳೆಯ ಜಾಗವಿಲ್ಲ. ಆಯಿ ರೊಟ್ಟಿ ಬಡಿಯುವಾಗ ಎದುರಿಗೆ ನಿಂತು ಮೇಲಿನಿಂದ ತೆಗೆದರೆ ನೆತ್ತಿ ಮಾತ್ರ ಕಾಣುತ್ತದೆ. ಅವರಷ್ಟೇ ಎತ್ತರಕ್ಕೆ ನೆಲದ ಮೇಲೆ ಕುಳಿತು, ಕಿಟಕಿಯ ಬೆಳಕು ಅಡ್ಡದಿಂದ ಅವರ ಮೇಲೆ ಬೀಳುವಂತೆ ಜಾಗ ಹಿಡಿಯಬೇಕು. ಈ ಕೆಲಸದಲ್ಲಿ ಕಾಯ್ದು ಹಿಡಿಯಬೇಕಾದ ಗಳಿಗೆಗಳು ಎರಡು. ಬಡಿದ ರೊಟ್ಟಿಯನ್ನು ಎರಡೂ ಅಂಗೈಗಳ ಮೇಲೆ ಎತ್ತಿ ಹಂಚಿನ ಕಡೆಗೆ ತಿರುಗುವಾಗ ರೊಟ್ಟಿಯ ತೆಳುವಾದ ಅಂಚು ಜೋತುಬಿದ್ದು, ಅಲ್ಲಿಂದ ಹಿಟ್ಟು ಉದುರುವುದು ಒಂದು. ಹಂಚಿಗೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಹಚ್ಚಿದಾಗ ಭುಗ್ಗನೆ ಉಗಿ ಏಳುವುದು ಇನ್ನೊಂದು. ಉಗಿ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದಲೋ ಪಕ್ಕದಿಂದಲೋ ಬಂದು, ಹಿನ್ನೆಲೆಯಲ್ಲಿ ಹೊಗೆ ಹಿಡಿದ ಕಪ್ಪು ಗೋಡೆ ಇರಬೇಕು. ತೆರೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕಿನ ಅಳತೆಯೂ ಅಲ್ಲಿಗೇ ನಿಲ್ಲುತ್ತವೆ, ಬಳಿಕ ಬೆರಳನ್ನು ತುಸು ಕೆಳಗೆ ಎಳೆದು ಚಿತ್ರವನ್ನು ಸ್ವಲ್ಪ ಗಾಢ ಮಾಡಿಕೊಳ್ಳಬಹುದು. ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಆಯಿ ನಿಮ್ಮನ್ನು ಮರೆತಿರುತ್ತಾರೆ, ನಿಜವಾದ ಚಿತ್ರ ಸಿಗುವುದು ಅಲ್ಲಿಂದ ಮುಂದೆ.

ಎಳ್ಳಮಾವಾಸ್ಯೆಯ ದಿನ ಇಡೀ ಮನೆತನ ಹೊಲಕ್ಕೆ ಹೋಗುವುದರಿಂದ ಅಂಥ ಅವಕಾಶ ವರ್ಷದಲ್ಲಿ ಮತ್ತೊಂದಿಲ್ಲ. ಆದರೆ ಚರಗ ಚೆಲ್ಲುವುದೂ (ಹೊಲಕ್ಕೆ ನೈವೇದ್ಯದ ಅಡುಗೆ ಚೆಲ್ಲುವುದು) ಊಟವೂ ನಡೆಯುವುದು ನಡುಹಗಲಿನಲ್ಲಿ, ಕಪ್ಪು ಎರೆಮಣ್ಣು ಬೆಳಕನ್ನು ನುಂಗುವಂಥದ್ದು, ಆದ್ದರಿಂದ ಮುಖದ ಕೆಳಭಾಗ ಕಪ್ಪಾಗುತ್ತದೆ. ಬೇವಿನ ಮರದ ಅಂಚಿನಲ್ಲಿ ಎಲೆಗಳ ನಡುವಿನಿಂದ ಬಿದ್ದ ಬಿಸಿಲು ಮುಖಗಳ ಮೇಲೆ ಚುಕ್ಕೆ ಮೂಡಿಸುವುದರಿಂದ ಎಲ್ಲರೂ ಪೂರ್ತಿ ನೆರಳಿಗೆ ಬರುವಂತೆ ನೋಡಿಕೊಳ್ಳಬೇಕು. ಊಟಕ್ಕೆ ಹಾಸಲು ಬಿಳಿಯ ಧೋತರವನ್ನೇ ಕೇಳಿ ಪಡೆಯಿರಿ, ಅದು ಬೆಳಕನ್ನು ಮೇಲಕ್ಕೆ ಎಸೆದು, ಸುತ್ತ ಕುಳಿತವರ ಮುಖಗಳನ್ನು ಬೆಳಗುತ್ತದೆ. ಚರಗ ಚೆಲ್ಲುವವರನ್ನು ಜೋಳದ ಸಾಲುಗಳ ನಡುವೆ, ಅವರ ಮುಂದೆ ನಿಂತು ತೆಗೆಯಬೇಕು. ಹಿಂದಿನಿಂದ ತೆಗೆದರೆ ಬೆನ್ನುಗಳಷ್ಟೇ ಉಳಿಯುತ್ತವೆ.

ಮಕ್ಕಳ ಓಟಕ್ಕೆ ಷಟರ್ ವೇಗ 1/250ಕ್ಕಿಂತ ಕಡಿಮೆಯಾಗಬಾರದು, ಮೊಬೈಲಿನಲ್ಲಾದರೆ ಒಂದೇ ಸಮನೆ ಹಲವು ಚಿತ್ರ ತೆಗೆಯುವ ಸೌಲಭ್ಯ ಬಳಸಿ, ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸಬೇಕು. ಬಾಗಲಕೋಟೆಯ ಹೋಳಿಗೆ ಹೊರಡುವಾಗ ಫೋನನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚುವುದು ಲೇಸು, ಬಣ್ಣದ ನೀರು ಎರಚುತ್ತ ಬರುವ ಬಂಡಿ ಯಾರ ಫೋನನ್ನೂ ನೋಡುವುದಿಲ್ಲ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಮನೆಯಲ್ಲಿ ಕೈಮಗ್ಗವಿದ್ದರೆ 1/500ರಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ನಿಂತಂತೆ ಕಾಣುತ್ತದೆ, 1/30ರಲ್ಲಿ ಅದೇ ಲಾಳಿ ಗೆರೆಯಾಗಿ ಹರಿಯುತ್ತದೆ. ನನಗೆ ಎರಡನೆಯದೇ ಮಗ್ಗದ ಸದ್ದಿಗೆ ಹತ್ತಿರ ಅನಿಸುತ್ತದೆ. ಇಳಕಲ್ಲ ಸೀರೆಯ ಕೆಂಪು ಸೆರಗು ನೆರಿಗೆಗಳೇ ಇಲ್ಲದ ಬಣ್ಣದ ಮುದ್ದೆಯಾಗಿ ಕಂಡರೆ ಕ್ಯಾಮೆರಾದ ಬೆಳಕಿನ ಅಳತೆಯನ್ನು ಒಂದು ಹಂತ ಇಳಿಸಬೇಕು.

ಮನೆಯವರೆಂದು ಸಲಿಗೆಯಿಂದ ತೆಗೆದರೂ ಅವರ ಒಪ್ಪಿಗೆ ಬೇಕು. ತಲೆಯ ಮೇಲೆ ಸೆರಗು ಹೊದ್ದುಕೊಳ್ಳದೆ ಫೋಟೊ ಬೇಡ ಎನ್ನುವ ಅತ್ತೆಯ ಮಾತನ್ನು ಮೀರಬಾರದು, ಕಾಯಿಲೆ ಬಿದ್ದವರ ಚಿತ್ರವನ್ನು ಅವರು ಕೇಳದ ಹೊರತು ತೆಗೆಯಬಾರದು. ಮುಖ ಬಿಳಿಮಾಡಿ ಸುಕ್ಕು ಅಳಿಸುವ ಫಿಲ್ಟರುಗಳನ್ನು ದಯವಿಟ್ಟು ಬಳಸದಿರಿ. ಸುಕ್ಕಿಲ್ಲದ ಅಜ್ಜಿಯನ್ನು ಮೊಮ್ಮಕ್ಕಳು ಗುರುತಿಸುವುದು ಕಷ್ಟ.

ಹಳೆಯ ಫೋಟೊಗಳನ್ನೂ ಇದೇ ಮೊಬೈಲಿನಿಂದ ನಕಲು ಮಾಡಬಹುದು. ಗಾಜಿನ ಚೌಕಟ್ಟಿನಿಂದ ಸುಲಭವಾಗಿ ಬಿಡಿಸಲು ಬಂದರೆ ಮಾತ್ರ ಬಿಡಿಸಿ, ನೆರಳಿರುವ ಅಂಗಳದಲ್ಲಿ ಸಮತಟ್ಟಾಗಿ ಇಟ್ಟು, ನೇರ ಮೇಲಿನಿಂದ ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಗಾಜಿಗೆ ಅಂಟಿಕೊಂಡದ್ದನ್ನು ಎಳೆದರೆ ಚಿತ್ರದ ಪದರವೇ ಕಿತ್ತುಬರುತ್ತದೆ. ಆ ಹೊತ್ತಿನಲ್ಲಿ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನಲ್ಲಿ ನಿಂತವರು ಯಾರು, ಯಾವ ಊರು, ಯಾರ ಮದುವೆ ಎಂಬುದನ್ನು ಎಡದಿಂದ ಬಲಕ್ಕೆ ಹೇಳಿಸಿ ಬರೆದುಕೊಳ್ಳಬೇಕು, ಏಕೆಂದರೆ ಅದನ್ನು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರೇ ಉಳಿದಿರುತ್ತಾರೆ.

ವಾಟ್ಸಾಪಿನಲ್ಲಿ ಸಾಧಾರಣವಾಗಿ ಕಳಿಸಿದ ಚಿತ್ರ ಕುಗ್ಗಿ ತನ್ನ ಸೂಕ್ಷ್ಮ ವಿವರಗಳನ್ನು ಕಳೆದುಕೊಳ್ಳುತ್ತದೆ, ಮುದ್ರಿಸಬೇಕಾದದ್ದನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಬೇಕು. ತಿಂಗಳಿಗೊಮ್ಮೆ ಕುಳಿತು ಹತ್ತಾರು ಚಿತ್ರಗಳನ್ನಷ್ಟೇ ಆರಿಸಿ, 4x6 ಅಂಗುಲದ ಅಳತೆಯಲ್ಲಿ ಸ್ಟುಡಿಯೊದಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು. ಹಿಂಬದಿಗೆ ಹೆಸರು, ಊರು, ವರ್ಷವನ್ನು ಮೆತ್ತನೆಯ ಪೆನ್ಸಿಲಿನಿಂದ ಒತ್ತದೆ ಬರೆಯಬೇಕು, ಬಾಲ್‌ಪೆನ್ನಿನ ಗೆರೆ ಮುಂದಿನ ಮುಖದ ಮೇಲೆ ಏಳುತ್ತದೆ. ಅಂಟುಹಾಳೆಯ ಆಲ್ಬಮ್ಮಿನ ಗೋಂದು ಕ್ರಮೇಣ ಚಿತ್ರವನ್ನು ಹಳದಿಗಟ್ಟಿಸುವುದರಿಂದ ಮೂಲೆಗಳನ್ನು ಸಿಕ್ಕಿಸಿಡುವ ಆಲ್ಬಮ್ ಆರಿಸಬೇಕು. ಮೂಲ ಚಿತ್ರಗಳ ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇದ್ದರೆ, ಮೂರನೆಯದು ಬೇರೆ ಊರಿಗೆ ಕೊಟ್ಟ ಮಗಳ ಮನೆಯಲ್ಲಿ ಇರಲಿ, ಪಂಚಮಿಗೆ ಅವಳು ತವರಿಗೆ ಬಂದಾಗ ಆ ವರ್ಷದವನ್ನು ಅದಕ್ಕೆ ತುಂಬಿಸಿ ಕಳಿಸಿದರಾಯಿತು.